ಜೋರು ಮದ್ದು, ಹಗುರ ಗುಂಡು

ಟೋವಾ ಪಾಯೋ, ಸಿಂಗಪುರ
೧೬ ಫೆಬ್ರವರಿ ೨೦೨೫

ಬಂದವರೆಲ್ಲ ಕೂತುಕೊಳ್ಳಿ! ನಿಂತವರು ಹಿಂದೆ ಸರಿಯಿರಿ! ಮುಂದಿನ ಸಾಲಿನ ನಲವತ್ತು ಕುರಿಗಳೇ, ಬಾಗಿಲ ಬಳಿಯ ಎರಡು ನಾಯಿಗಳೇ, ಟಿಕೆಟ್ಟಿಲ್ಲದೆ ಬೇಲಿಯಾಚೆ ಇಣುಕುತ್ತಿರುವ ನರಿರಾಯರೇ, ಮತ್ತು ಈ ಮಹಾಸಭೆಗೆ ಏಕೈಕ ಅಧ್ಯಕ್ಷನಾದ, ಎಡಗಿವಿ ಪೂರ್ತಿ, ಬಲಗಿವಿ ಮುಕ್ಕಾಲು ಕಿವುಡಾದ ರಘುನಾಥ ಮಹಾಶಯನೇ! ಪರದೆ ಏಳುತ್ತಿದೆ. ಕಿವಿ ಇದ್ದವರು ಕಿವಿ ಕೊಡಿ, ಇಲ್ಲದವರು ಕಣ್ಣು ಕೊಡಿ!

ನಿನ್ನ ಕಾಗದ ತಲುಪಲು ಹನ್ನೊಂದು ದಿನ ಹಿಡಿಯಿತು. ಪ್ರಭಾ ಕೇಳಿದಳು, "ಈ ಕಾಲದಲ್ಲಿ ಯಾರ್ರೀ ಕಾಗದ ಬರೀತಾರೆ? ವಿಡಿಯೋ ಕಾಲ್ ಮಾಡಿ." ನಾನಂದೆ, "ಅವನ ತೋಟದಲ್ಲಿ ಸಿಗ್ನಲ್ ಇಲ್ಲ ಕಣೇ. ಇದ್ದರೂ ಕಿವುಡನಿಗೆ ನನ್ನ ಬಾಯಿ ಕಾಣುತ್ತೆ, ಮಾತು ಕೇಳಲ್ಲ." "ಪುಣ್ಯವಂತರು" ಅಂದು ಒಳಗೆ ಹೋದಳು.

ತಡವಾಗಿ ಬಂದ ಪ್ರೇಕ್ಷಕರಿಗಾಗಿ ಕಥಾಸಾರ: ಸೆಲೆಟಾರಿನ ವಿಮಾನದ ಕಾರ್ಖಾನೆಯಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಇಪ್ಪತ್ತು ವರ್ಷ ಕೂತವನು, ಹೆಂಡತಿ ಅನಸೂಯ ತೀರಿಕೊಂಡ ಮೇಲೆ ಆಸ್ಟ್ರೇಲಿಯಾದ ಬಯಲಿನಲ್ಲಿ ಕುರಿ ಸಾಕಿಕೊಂಡು ಕೂತಿದ್ದಾನೆ. ಹೋದ ವರ್ಷ ನರಿ ಹನ್ನೊಂದು ಮರಿ ಹೊತ್ತೊಯ್ದಿತು. ಈ ವರ್ಷ ಅಂಗಡಿಯ ಕಾಡತೂಸು ಬೇಡ, ಹಿತ್ತಾಳೆಯ ಖಾಲಿ ಚಿಪ್ಪಿಗೆ ನಾನೇ ತುಂಬುತ್ತೇನೆ ಎನ್ನುತ್ತಾನೆ. ಯಾವ ಪೌಡರ್, ಯಾವ ಬುಲೆಟ್ ಎಂದು ಕೇಳಿದ್ದಾನೆ. ಕೇಳಿದ್ದು ಯಾರನ್ನು? ಅಪ್ಪನ ನಾಟಕ ಕಂಪನಿಯಲ್ಲಿ ಬಿದಿರಿನ ಬಂದೂಕು ಹಿಡಿದು, ಪರದೆ ಹಿಂದೆ ಪಟಾಕಿ ಸಿಡಿದಾಗ ಎದೆ ಹಿಡಿದುಕೊಂಡು ಬಿದ್ದು ಅಭ್ಯಾಸವಿರುವ ನನ್ನನ್ನು!

ಆದರೆ ಅಳತೆ ಎಂದರೆ ನನ್ನದು. ಅದಕ್ಕೆ ಹೇಳುತ್ತೇನೆ.

ಮೊದಲ ಅಪ್ಪಣೆ. ಈ ರಂಗದ ಮೇಲೆ ಇಂಗ್ಲಿಷ್ ಇಲ್ಲ. ಪೌಡರ್ ಅಲ್ಲ, ಮದ್ದು. ಬುಲೆಟ್ ಅಲ್ಲ, ಗುಂಡು. ಟಾರ್ಗೆಟ್ ಅಲ್ಲ, ಗುರಿಹಾಳೆ. ಹೂಂ?

ನಿನ್ನಲ್ಲಿರುವ ಎರಡು ಮದ್ದಿನಲ್ಲಿ ಒಂದು ಸಾಸಿವೆಯಂಥದ್ದು, ಇನ್ನೊಂದು ಕತ್ತರಿಸಿದ ಶಾವಿಗೆಯಂಥದ್ದು. ಸಾಸಿವೆ ಅಳತೆಯ ಕೊಳವೆಯಲ್ಲಿ ನೀರಿನ ಹಾಗೆ ಇಳಿಯುತ್ತದೆ, ಆಸೆ ಹುಟ್ಟಿಸುತ್ತದೆ. ಆದರೆ ನಿಮ್ಮ ನಲವತ್ತೆರಡು ಡಿಗ್ರಿ ಬಿಸಿಲಿಗೆ ಅದರ ಗುಣ ತಿರುಗುತ್ತದೆ ಎಂದು ನೀನೇ ಬರೆದಿದ್ದೀಯ. ಶಾವಿಗೆ ಸೋಮಾರಿ, ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಪ್ರತಿ ಸಲ ತಕ್ಕಡಿಗೆ ಹಾಕಬೇಕು. ಆದರೆ ಅದಕ್ಕೆ ಚಳಿಗೂ ಬಿಸಿಲಿಗೂ ಒಂದೇ ಮುಖ. ನಾನಾದರೆ ಶಾವಿಗೆ. ಗುಂಡಿನ ವಿಷಯ: ಭಾರದ್ದು ಗಾಳಿಗೆ ಬಗ್ಗುವುದಿಲ್ಲ, ಒಪ್ಪಿದೆ. ಆದರೆ ನಿನ್ನ ಕೋವಿಯ ನಳಿಗೆಯ ಒಳಗಿನ ಸುರುಳಿಗೀರು ನಿಧಾನದ್ದು, ಉದ್ದ ಗುಂಡನ್ನು ಸರಿಯಾಗಿ ತಿರುಗಿಸಲಾರದು. ಮೇಲಾಗಿ ಕಲ್ಲಿಗೆ ತಾಗಿ ಹಾರಿ ಪಕ್ಕದವನ ಕೊಟ್ಟಿಗೆಗೆ ನುಗ್ಗಿದರೆ? ಹಗುರ ಗುಂಡಿನ ಚರ್ಮ ತೆಳು, ತಾಗಿದಲ್ಲೇ ಪುಡಿಯಾಗುತ್ತದೆ. ನರಿಗೆ ಒಂದು ಕ್ಷಣ, ನೆರೆಯವನಿಗೆ ನೆಮ್ಮದಿ.

ಪುಸ್ತಕದಲ್ಲಿ ಹೇಳಿದ ಕಡಿಮೆ ತೂಕದಿಂದ ಶುರು ಮಾಡು. ಒಂದು ಸಲಕ್ಕೆ ಒಂದೇ ಬದಲಾವಣೆ. ಗುರಿಹಾಳೆ ಕಳಿಸು, ಅಳೆದು ಹೇಳುತ್ತೇನೆ. ಚಿಪ್ಪು ಮಾತ್ರ ಕಳಿಸಬೇಡ ತಂದೆ! ಇಲ್ಲಿ ಲಕೋಟೆಯಲ್ಲಿ ಖಾಲಿ ಚಿಪ್ಪೊಂದು ಸಿಕ್ಕರೂ ನನ್ನ ಮುಂದಿನ ಪ್ರವೇಶ ಕಟಕಟೆಯಲ್ಲಿ.

ಪರದೆ ಇಳಿಸಿದೆ.
ಅಶ್ವತ್ಥನಾರಾಯಣ


ನ್ಯಾರೋಜಿನ್ ಹತ್ತಿರ
೯ ಮಾರ್ಚ್ ೨೦೨೫

ಅಶ್ವತ್ಥ,

ನಿನ್ನ ಪತ್ರವನ್ನು ಕುರಿಗಳಿಗೆ ಓದಿ ಹೇಳಿದೆ. ಎರಡು ಎದ್ದು ಹೋದವು. ಬಾಕಿಯವು ಒನ್ಸ್ ಮೋರ್ ಅಂದವು.

ಅಪ್ಪಣೆ ಪ್ರಕಾರ ಶಾವಿಗೆ ಮದ್ದು, ಹಗುರ ಗುಂಡು. ಶೆಡ್ಡಿನಲ್ಲಿ ಕೂತು ಒಂದೊಂದೇ ತೂಗಿ ಇಪ್ಪತ್ತು ಕಾಡತೂಸು ತುಂಬಿಸಿದೆ. ಒಂದು ಗಂಟೆಯ ಕೆಲಸ ಅಂತ ಕೂತದ್ದು, ಮೂರು ದಿನ ಬೇಕಾಯ್ತು. ನೂರು ಗಜಕ್ಕೆ ಹೊಡೆದೆ. ಮೊದಲಿನ ಮೂರು ಚಂದ ಕೂತವು. ಮತ್ತಿನದ್ದು ಎಲ್ಲ ಚದುರಿತು. ಬೆಳ್ತಂಗಡಿಯಲ್ಲಿ ನಮ್ಮ ಅಜ್ಜ ಮದ್ದನ್ನು ಅಂಗೈಯಲ್ಲೇ ಅಳೆಯುತ್ತಿದ್ದರು. ಹಂದಿ ತಪ್ಪಿದ್ದು ನಾನು ನೋಡಿಲ್ಲ. ನನಗೆ ತಕ್ಕಡಿ ಉಂಟು, ಗುರಿ ಇಲ್ಲ.

ಗುರಿಹಾಳೆ ಒಂದನ್ನು ಮಡಚಿ ಇಟ್ಟಿದ್ದೇನೆ. ಪೂರ್ತಿ ನೋಡು, ಆಯ್ತಾ? ಪ್ರಭಾಳಿಗೆ ಈಗಲೇ ತೋರಿಸಬೇಡ. ನೋಡಿ ಬೆಣ್ಣೆ ಹಚ್ಚಬೇಡ, ಸ್ಥಿತಿ ಹೇಗುಂಟೋ ಹಾಗೆ ಹೇಳು. ಅದನ್ನೇ ಹಿಡಿದು ಬರೆಯಲಿಕ್ಕೆ ನಿನಗೆ ಕಷ್ಟ ಆದರೆ ಬೇಡ, ಮದ್ದು ಗುಂಡಿನ ಮಾತೇ ಆಡುವ. ನನಗೂ ಅದೇ ಹಿತ.

ಇನ್ನು ಮೂರು ವಾರಕ್ಕೊಮ್ಮೆ ಪರ್ತ್‌ಗೆ ಹೋಗಿ ಬರುವುದುಂಟು. ವರ್ಣಿಕಾ ತನ್ನ ಶಾಲೆಗೆ ರಜೆ ಹಾಕಿ ಬಂದು ಕರಕೊಂಡು ಹೋಗುತ್ತಾಳೆ. ಅಪ್ಪನ ಜೊತೆ ಇಷ್ಟು ಹೊತ್ತು ಕಾರಿನಲ್ಲಿ ಕೂತದ್ದು ಅವಳು ಸಣ್ಣವಳಿದ್ದಾಗ ಮಾತ್ರ.

ರಘು


ಟೋವಾ ಪಾಯೋ
೨೪ ಮಾರ್ಚ್ ೨೦೨೫

ಸದ್ದು! ಸದ್ದು! ತೀರ್ಪು ಓದಲಾಗುತ್ತಿದೆ!

ಹಾಳೆ ಮಡಿಕೆ ಬಿದ್ದು ಸುಕ್ಕಾಗಿತ್ತು. ಹಲಗೆಗೆ ಅಂಟು ಬಳಿದು, ಬಂದ ಹಾಗೆಯೇ ಬಿಡಿಸಿ, ಒಂದು ಗುಳ್ಳೆ ಇಲ್ಲದಂತೆ ಒತ್ತಿದೆ. ನಿವೃತ್ತಿಯ ದಿನ ನನಗೆ ಕೊಟ್ಟ ಅಳತೆಯ ವರ್ನಿಯರ್ ಹೊರಗೆ ಬಂತು. ಪ್ರಭಾ ಹಿಂದಿನಿಂದ, "ಅದರಲ್ಲಿ ಏನಿದೆ ಅಂತ ಕಣ್ಣಿಗೆ ಹಚ್ಕೊಂಡು ಕೂತಿದೀರಿ?" ಎಂದಳು. ನಿನ್ನ ಮಾತಿನಂತೆ ಹಲಗೆಯನ್ನು ಬೀರುವಿನ ಮೇಲಿಟ್ಟೆ. ನಿನ್ನ ಮಾನ ನನ್ನ ಬಳಿ ಭದ್ರ.

ಬೆಣ್ಣೆ ಬೇಡ ಎಂದೆಯಲ್ಲ, ಕೇಳು. ಸ್ಥಿತಿ ಕೆಟ್ಟಿದೆ. ನೋಡಿದ ಕೂಡಲೇ ನನಗೆ ಗೊತ್ತಾಯಿತು, ಅಳೆದ ಮೇಲೆ ಖಾತ್ರಿಯಾಯಿತು. ಇದನ್ನು ನಿನ್ನಿಂದ ನಾನು ನಿರೀಕ್ಷಿಸಿರಲಿಲ್ಲ. ಆದರೆ ರಘು, ಇದಕ್ಕಿಂತ ಕೆಟ್ಟದ್ದು ಸರಿಹೋದದ್ದನ್ನು ಈ ಕಣ್ಣು ನೋಡಿದೆ! ಈಗಿನ ಮದ್ದು ಹಿಡಿಯದಿದ್ದರೆ ಮದ್ದು ಬದಲಿಸು, ಮನಸ್ಸು ಬದಲಿಸಬೇಡ!

ಮೊದಲ ಮೂರು ಒಟ್ಟಿಗೆ ಕೂತು ಆಮೇಲಿನವು ಚದುರಿದವು ಎಂದರೆ ನಳಿಗೆ ಕಾಯುತ್ತಿದೆ. ಮೂರು ಹೊಡೆದು ಹತ್ತು ನಿಮಿಷ ಸುಮ್ಮನಿರು. ಮೇಜಿನ ಹತ್ತಿರ ಫ್ಯಾನ್ ಇದ್ದರೆ ಆರಿಸು, ತಕ್ಕಡಿ ಗಾಳಿಗೂ ಹೆದರುತ್ತದೆ. ಸೆಲೆಟಾರಿನಲ್ಲಿ ಏಸಿ ಗಾಳಿಗೆ ಒಂದು ತೂಕ ತಪ್ಪಿ ಅಶ್ವತ್ಥನಾರಾಯಣನ ಮೇಲೆ ಸಾಹೇಬ ಕೂಗಿದ್ದು, ಸಾಹೇಬನಿಗಿಂತ ಅಶ್ವತ್ಥನಾರಾಯಣ ಜೋರಾಗಿ ಕೂಗಿದ್ದು ನೆನಪಿದೆಯಷ್ಟೆ?

ಮೂರು ವಾರಕ್ಕೊಮ್ಮೆ ಪರ್ತ್! ಮಗಳೇ ಸಾರಥಿ! ಅಲ್ಲಿಯ ಮದ್ದಿನಂಗಡಿಯವನು ನಿನ್ನ ಹೆಸರಿನಲ್ಲಿ ಒಂದು ಕುರ್ಚಿಯನ್ನೇ ಹಾಕಿಸಿರಬೇಕು. ಹೋಗು ರಾಜಾ, ಹೋಗು. ಅಲ್ಲಾದರೂ ನಾಲ್ಕು ಮನುಷ್ಯರ ಮುಖ ನೋಡುತ್ತೀಯ.

ಅಶ್ವತ್ಥನಾರಾಯಣ


ನ್ಯಾರೋಜಿನ್ ಹತ್ತಿರ
೧೮ ಮೇ ೨೦೨೫

ಅಶ್ವತ್ಥ,

ಉತ್ತರ ತಡ ಆಯ್ತು. ಎರಡು ತಿಂಗಳು ಹೋದದ್ದೇ ಗೊತ್ತಾಗಲಿಲ್ಲ.

ಸ್ಥಿತಿ ಕೆಟ್ಟಿದೆ ಅಂತ ನೀನೊಬ್ಬ ಬರೆದೆ. ಇಲ್ಲಿ ಎಲ್ಲರೂ ನಗುತ್ತಾ ಮಾತಾಡುತ್ತಾರೆ, ಹೂವಿನ ಹೆಸರು ಹೇಳಿದ ಹಾಗೆ. ನಿನ್ನ ಸಾಲನ್ನು ಎರಡು ಸಲ ಓದಿ ಒಂದು ದಿನ ಚಂದ ನಿದ್ದೆ ಮಾಡಿದೆ. ಹಲಗೆಗೆ ಯಾಕೆ ಅಂಟಿಸಿದೆ ಅಂತಲೂ ಅರ್ಥ ಆಯ್ತು. ಒಳ್ಳೆಯದು ಮಾಡಿದೆ.

ಕುರ್ಚಿ ನಿಜಕ್ಕೂ ಹಾಕಿದ್ದಾರೆ ಮಾರಾಯ! ಕಿಟಕಿಯ ಹತ್ತಿರದ್ದು. ಹೊರಗೆ ಒಂದು ಮರ ಉಂಟು, ಹೆಸರು ಕೇಳಬೇಕು.

ಹಳೆ ಮದ್ದು ಹಿಡಿಯಲಿಲ್ಲ. ಬದಲಾಯ್ತು. ಈಗಿನದ್ದು ಜೋರು. ಒಂದು ಸಲ ಆದರೆ ಮೂರು ದಿನ ಒದೆತ ಮೈಯಿಂದ ಇಳಿಯುವುದಿಲ್ಲ. ಬೆರಳ ತುದಿಗೆ ಏನೂ ತಾಗುವುದಿಲ್ಲ. ಚಿಪ್ಪಿನ ಬುಡಕ್ಕೆ ಕೂರಿಸುವ ಕ್ಯಾಪು ಒಳ್ಳೆಮೆಣಸಿನ ಕಾಳಿನಷ್ಟು ಉಂಟಲ್ಲ, ಅದು ಕೈಯಲ್ಲಿ ಉಂಟೋ ಬಿತ್ತೋ ತಿಳಿಯುವುದಿಲ್ಲ. ಮೊನ್ನೆ ನಾಯಿಗೆ ಸಿಗಬಾರದು ಅಂತ ನೆಲವಿಡೀ ತೆವಳಿ ಹುಡುಕಿದೆ. ಬಾಯಿಯಲ್ಲಿ ಯಾವಾಗಲೂ ಹಿತ್ತಾಳೆ ಕಚ್ಚಿಕೊಂಡ ರುಚಿ.

ಮರಿ ಹಾಕಲಿಕ್ಕೆ ಶುರುವಾಗಿದೆ. ನಿನ್ನೆ ಸಂಜೆ ನರಿ ಬಂತು. ಎಂಬತ್ತು ಗಜ. ಗಾಳಿ ಇಲ್ಲ. ನಿಂತು ನನ್ನನ್ನು ನೋಡಿತು. ಹೊಡೆದೆ, ತಪ್ಪಿತು. ಅದು ಓಡಲೂ ಇಲ್ಲ ಮಾರಾಯ, ನಡೆದುಕೊಂಡು ಹೋಯ್ತು. ನಾಲ್ಕು ಮರಿ ಹೋದವು.

ರಘು


ಟೋವಾ ಪಾಯೋ
೩೦ ಮೇ ೨೦೨೫

ರಘು!

ಇವತ್ತು ಸಭೆ ಇಲ್ಲ, ಗಂಟೆ ಇಲ್ಲ. ಕುರಿಗಳನ್ನು ಹೊರಗೆ ಕಳಿಸು. ನಿನ್ನ ಹತ್ತಿರ ಮಾತ್ರ ಮಾತು.

ಒದೆತವೇ? ಆ ಸಣ್ಣ ಕೋವಿಗೆ? ಮೂರು ದಿನವೇ? ಅದರ ಒದೆತ ಮಗುವಿನ ಕೈಯ ಗುದ್ದು ಎಂದು ನೀನೇ ಬರೆದದ್ದು ನನ್ನ ಬಳಿ ಇದೆ. ಎಲ್ಲೋ ಅಳತೆ ಮೀರಿದೆ. ಮಿತಿ ಅಂತ ಒಂದು ಇರುತ್ತದೆ, ಅದನ್ನು ಬರೆದವರು ಹುಚ್ಚರಲ್ಲ. ಜೋರು ಮಾಡಿದರೆ ಬೇಗ ಗೆಲ್ಲುತ್ತೇವೆ ಎನ್ನುವುದು ಮೋಸ. ತಡೆಯುವ ಶಕ್ತಿ ಎಷ್ಟು ಎಂದು ನೋಡಿ ತುಂಬಬೇಕು. ಒಂದು ದಿನ ಹಿತ್ತಾಳೆ ಸೀಳಿಬಿಡುತ್ತದೆ. ಆಮೇಲೆ ಕಣ್ಣು ಹೋಯಿತು, ಕೈ ಹೋಯಿತು ಎಂದು ಬರೆಯಲು ನಿನಗೆ ಕೈ ಎಲ್ಲಿರುತ್ತದೆ?

ಪ್ರಭಾ ನಿನ್ನ ಕಾಗದ ಓದಿದಳು. "ಏನ್ರೀ, ಅಕ್ಷರ ಹೀಗೆ ನಡುಗಿದೆ?" ಎಂದಳು. "ಮೇ ಅಂದರೆ ಅವರಿಗೆ ಚಳಿ ಕಣೇ." "ಚಳಿಗೆ ಅಕ್ಷರ ನಡುಗುತ್ತೆ, ವಾಕ್ಯ ನಡುಗಲ್ಲ. ಏನೋ ಸರಿ ಇಲ್ಲ, ವರ್ಣಿಕಾಗೆ ಒಂದು ಮಾತು ಕೇಳಲಾ?" "ಕೋವಿಯ ವಿಷಯ, ನಿನಗೆ ಅದರ ಗಂಧ ಗೊತ್ತಿಲ್ಲ, ಸುಮ್ಮನಿರು" ಎಂದೆ. ಫೋನ್ ಕೆಳಗಿಟ್ಟಳು. ಬೆರಳಿಗೆ ಉಣ್ಣೆಯ ಕೈಗವಸು ಹಾಕಿಕೋ. ತೂಕ ಇಳಿಸು. ಇಳಿಸಿ ತಿಳಿಸು.

ಅಶ್ವತ್ಥ


ನ್ಯಾರೋಜಿನ್ ಹತ್ತಿರ
೨೨ ಜೂನ್ ೨೦೨೫

ಅಶ್ವತ್ಥ,

ಕುರಿಗಳನ್ನು ಹೊರಗೆ ಕಳಿಸಿ ಓದಿದೆ. ಮದ್ದು ಗುಂಡಿನ ಮಾತಿನ ಒಳಗೇ ಎಲ್ಲ ಹೇಳುತ್ತೀ, ನಿನ್ನಂಥ ನಟ ಇಲ್ಲ. ಆದರೆ ಇದೊಂದನ್ನು ನಾನು ನೇರ ಕೇಳುತ್ತೇನೆ.

ತೂಕ ಇಳಿಸಿ ನೋಡಿದ್ದಾಯ್ತು. ಪ್ರಯೋಜನ ಇಲ್ಲ. ನನಗೆ ಈ ಮದ್ದು ಸಾಕಾಗಿದೆ. ನಿಲ್ಲಿಸುವ ಅಂತ ಉಂಟು.

ವರ್ಣಿಕಾ ಕೇಳುವುದಿಲ್ಲ. ಇನ್ನು ನಾಲ್ಕು ಸಲ, ಅಪ್ಪಾ, ನಾಲ್ಕೇ ನಾಲ್ಕು ಸಲ ಅಂತಾಳೆ. ಅವಳ ಮುಖ ನೋಡಿದರೆ ಆಗಲಿ ಅಂತ ಬಾಯಿಗೆ ಬರುತ್ತದೆ. ಶೆಡ್ಡಿಗೆ ಬಂದು ಕೂತರೆ ಬೇಡ ಅಂತ ಬರುತ್ತದೆ.

ಮದ್ದು ನಿಲ್ಲಿಸಲಾ? ನಿನಗೆ ಎಲ್ಲ ಗೊತ್ತುಂಟು. ನೀನು ಅಳತೆಯ ಮನುಷ್ಯ, ಬೇರೆ ಯಾರನ್ನೂ ನಾನು ಕೇಳುವುದಿಲ್ಲ. ನಿಲ್ಲಿಸು ಅಂದರೆ ನಿಲ್ಲಿಸುತ್ತೇನೆ. ಬೇಡ ಅಂದರೆ ನಾಲ್ಕು ಸಲ ಹಲ್ಲು ಕಚ್ಚುತ್ತೇನೆ. ಬೇಗ ಬರೆ.

ರಘು


ಟೋವಾ ಪಾಯೋ
೩ ಜುಲೈ ೨೦೨೫

ಕೇಳಿರಿ! ಎಂಟು ದಿಕ್ಕಿನವರೂ ಕೇಳಿರಿ! ನಗಾರಿಯವನೇ, ಬಡಿ!

ನಿಲ್ಲಿಸು! ಇವತ್ತೇ ನಿಲ್ಲಿಸು! ಈ ಕಾಗದ ಕೈಗೆ ಬಂದ ಘಳಿಗೆಯೇ ಶುಭ ಘಳಿಗೆ, ಪಂಚಾಂಗ ನೋಡಬೇಡ! ಲೆಟರ್‌ಬಾಕ್ಸಿನ ಹತ್ತಿರ, ಕಟ್ಟಡದ ಕೆಳಗಿನ ಬಯಲು ಅಂಗಳದಲ್ಲೇ, ವಾಯ್ಡ್ ಡೆಕ್‌ನಲ್ಲೇ ನಿಂತು ನಿನ್ನ ಕಾಗದ ಒಡೆದೆ, ಅಲ್ಲೇ "ಗೆದ್ದೆ!" ಎಂದು ಕೂಗಿದೆ. ಚದುರಂಗ ಆಡುತ್ತಿದ್ದ ಮುದುಕರಿಬ್ಬರು ತಿರುಗಿ ನೋಡಿ, ನನಗೆ ಲಾಟರಿ ಹೊಡೆಯಿತೆಂದು ಕೈ ಕುಲುಕಿದರು.

ಒಂದು ತಿಂಗಳಿಂದ ನನಗೆ ಅನ್ನ ಸೇರಿಲ್ಲ ರಘು. ಆ ಮದ್ದು ನಿನ್ನನ್ನು ಒಂದು ದಿನ ತೆಗೆದುಕೊಂಡು ಹೋಗುತ್ತದೆ ಎಂದೇ ಹೆದರಿದ್ದೆ. ಹೇಳಿದರೆ ಕೇಳುವವನಲ್ಲ ಎಂದು ತಡೆದುಕೊಂಡಿದ್ದೆ. ನೀನೇ ಬಾಯಿ ಬಿಟ್ಟು ಕೇಳಿದೆ. ಮನುಷ್ಯನಿಗಾಗಿ ಮದ್ದೇ ಹೊರತು ಮದ್ದಿಗಾಗಿ ಮನುಷ್ಯನಲ್ಲ! ಅರವತ್ತೆಂಟನೇ ವಯಸ್ಸಿನಲ್ಲಿ ಯಾರನ್ನು ಗೆಲ್ಲಬೇಕು? ಡಬ್ಬಿಗಳನ್ನು ವಾಪಸ್ ಕೊಟ್ಟು ಬಾ. ಆ ಕುರ್ಚಿಯಲ್ಲಿ ಇನ್ನೊಬ್ಬ ಮೂರ್ಖ ಕೂರಲಿ. ಉಳಿದಷ್ಟು ದಿನ ಎರಡು ಕಣ್ಣು, ಹತ್ತು ಬೆರಳು ನೆಟ್ಟಗೆ ಇಟ್ಟುಕೊಂಡು ಬಿಸಿಲಲ್ಲಿ ಕೂತು ಕಾಫಿ ಕುಡಿ.

ವರ್ಣಿಕಾ ಅತ್ತರೆ ಅಳಲಿ. ಮಕ್ಕಳಿಗೆ ಅಪ್ಪ ಶೂರನಾಗಿಯೇ ಕಾಣಬೇಕು, ಆ ಹುಚ್ಚು ಅವಳಿಗೂ ಹತ್ತಿದೆ. ಎರಡು ದಿನ ಅತ್ತು ಸುಮ್ಮನಾಗುತ್ತಾಳೆ. ನಾಲ್ಕು ಸಲವೂ ಬೇಡ, ಒಂದು ಸಲವೂ ಬೇಡ. ಅಶ್ವತ್ಥ ಅಂಕಲ್ ಹೇಳಿದರು ಅನ್ನು. ಹೊಣೆ ನನ್ನ ತಲೆಯ ಮೇಲಿರಲಿ!

ನರಿ ತಿಂದಷ್ಟು ತಿನ್ನಲಿ. ಅದಕ್ಕೂ ಹೊಟ್ಟೆ ಇದೆ.

ಅಶ್ವತ್ಥನಾರಾಯಣ


ನ್ಯಾರೋಜಿನ್ ಹತ್ತಿರ
೧೭ ಜುಲೈ ೨೦೨೫

ಅಶ್ವತ್ಥ,

ನಿಲ್ಲಿಸಿದೆ.

ನಿನ್ನ ಪತ್ರ ಸೋಮವಾರ ಬಂತು. ಬುಧವಾರ ಪರ್ತ್‌ನಲ್ಲಿ ಅವರ ಮುಂದೆ ಬಿಡಿಸಿ ಇಟ್ಟು, ಒಂದೊಂದು ಸಾಲು ಇಂಗ್ಲಿಷಿನಲ್ಲಿ ಹೇಳಿದೆ. ನಗಾರಿ ಬಡಿ ಅನ್ನುವುದನ್ನೂ ಬಿಡಲಿಲ್ಲ. ವರ್ಣಿಕಾ ಎದ್ದು ಹೊರಗೆ ಹೋದಳು. ಬರುವಾಗ ಕಾರಿನಲ್ಲಿ ಎರಡೂವರೆ ಗಂಟೆ ಒಂದು ಮಾತಾಡಲಿಲ್ಲ. ಆಗುತ್ತದೆ ಅಲ್ವಾ, ನೀನು ಬರೆದ ಹಾಗೆ ಎರಡು ದಿನ.

ಹೋದ ಸಲದ್ದನ್ನು ನಾನೇ ಮುಂದೆ ಹಾಕಿದ್ದೆ. ಹಾಗಾಗಿ ಈಗ ಕೈ ಅಷ್ಟು ನಡುಗುವುದಿಲ್ಲ. ನಿನ್ನೆ ಗಂಜಿ ಉಂಡೆ, ಉಪ್ಪಿನಕಾಯಿಯ ರುಚಿ ಗೊತ್ತಾಯ್ತು. ಇವತ್ತು ಬೆಳಗ್ಗೆ ಶೆಡ್ಡಿನಲ್ಲಿ ಐದು ತುಂಬಿಸಿದೆ. ಐದೂ ಒಂದು ರೂಪಾಯಿ ನಾಣ್ಯದಲ್ಲಿ ಮುಚ್ಚುವ ಹಾಗೆ ಕೂತವು.

ಎಷ್ಟು ಹಗುರ ಆಯ್ತು ಗೊತ್ತುಂಟಾ? ಒಬ್ಬನೇ ತೀರ್ಮಾನ ಮಾಡಲಿಕ್ಕೆ ನನ್ನಿಂದ ಆಗುತ್ತಿರಲಿಲ್ಲ.

ರಘು


ಈಮೇಲ್, ಪರ್ತ್
೨೯ ಜುಲೈ ೨೦೨೫

ಅಶ್ವತ್ಥ ಅಂಕಲ್,

ಪ್ರಭಾ ಆಂಟಿ ಹತ್ತಿರ ಹಿಂದೆ ತಗೊಂಡಿದ್ದ ಐಡಿ ಇದು. ನನ್ನ ಕನ್ನಡ ಟೈಪಿಂಗ್ ಸ್ಲೋ. ತಪ್ಪಿದ್ದರೆ ಕ್ಷಮಿಸಿ. ಅಥವಾ ಕ್ಷಮಿಸಬೇಡಿ, ನನಗೂ ನಿಮ್ಮನ್ನು ಕ್ಷಮಿಸೋಕೆ ಆಗ್ತಿಲ್ಲ.

ಯಾಕೆ ಹಾಗೆ ಬರೆದಿರಿ? ಅಪ್ಪನ ಪ್ಯಾಂಕ್ರಿಯಾಸ್ ಕ್ಯಾನ್ಸರ್ ವಿಷಯ ಮಾರ್ಚ್‌ನಲ್ಲೇ ನಿಮಗೆ ತಿಳಿಸಿದ್ದೇನೆ ಅಂದರು ಅಪ್ಪ. "ಅವನಿಗೆ ಎಲ್ಲ ಗೊತ್ತು, ನೀನು ಫೋನ್ ಮಾಡಿ ಅಳಬೇಡ" ಅಂದರು. ಅದಕ್ಕೆ ನಾನು ಮಾಡಲಿಲ್ಲ. ನೀವಾದರೂ ಒಂದು ಸಲ ಮಾಡಲಿಲ್ಲ. ಟೋವಾ ಪಾಯೋ ಮನೆಯಲ್ಲಿ ನಿಮ್ಮ ಸೋಫಾ ಮೇಲೆ ನಿದ್ದೆ ಮಾಡಿ ಬೆಳೆದವಳು ನಾನು.

ಎರಡನೇ ಕೀಮೋ ತುಂಬಾ ಸ್ಟ್ರಾಂಗ್ ಇತ್ತು, ನಿಜ. ಆದರೆ ಗಡ್ಡೆ ಚಿಕ್ಕದಾಗ್ತಿತ್ತು. ಇನ್ನು ನಾಲ್ಕು ಸಲ ಮುಗಿದರೆ ಒಂದು ವರ್ಷ ಸಿಗಬಹುದು, ಇನ್ನೂ ಜಾಸ್ತಿನೂ ಸಿಗಬಹುದು ಅಂದಿದ್ದರು ಡಾಕ್ಟರ್. ಅಪ್ಪ ನಿಮ್ಮ ಲೆಟರ್ ಓದಿದರು. "ಮನುಷ್ಯನಿಗಾಗಿ ಮದ್ದು" ಅನ್ನೋ ಲೈನ್ ಕೇಳಿ ಡಾಕ್ಟರ್ ತಲೆ ಆಡಿಸಿದರು. ಪೇಷಂಟ್ ತೀರ್ಮಾನ, ರೆಸ್ಪೆಕ್ಟ್ ಮಾಡ್ತೀವಿ ಅಂದರು. ವರ್ಣಿಕಾ ಅತ್ತರೆ ಅಳಲಿ ಅನ್ನೋದನ್ನೂ ಅಪ್ಪ ಓದಿದರು. ನಾನು ಅಲ್ಲೇ ಕೂತಿದ್ದೆ ಅಂಕಲ್.

ಆಗಸ್ಟ್ ಹತ್ತರೊಳಗೆ ಮತ್ತೆ ಶುರು ಮಾಡಿದರೆ ಮಾತ್ರ ಆಗುತ್ತಂತೆ. ನಾನು ಹೇಳಿದರೆ ಅಪ್ಪ ನಗ್ತಾರೆ. "ಅಶ್ವತ್ಥ ಅಳೆದು ಹೇಳಿದ್ದಾನೆ" ಅಂತಾರೆ.

ಏನು ಅಳೆದಿರಿ ನೀವು?

ವರ್ಣಿಕಾ


ಟೋವಾ ಪಾಯೋ
೩೦ ಜುಲೈ ೨೦೨೫, ಮಧ್ಯಾಹ್ನ

ರಘು,

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ.

ನಿನ್ನದು ಮೊನ್ನೆ ಬಂತು. ಡಬ್ಬಿ ವಾಪಸ್ ಕೊಡಲು ಹೋದವನು ನನ್ನ ಕಾಗದವನ್ನು ಯಾರ ಮುಂದೆ, ಯಾಕೆ ಓದಿದ ಎಂದು ಒಂದು ದಿನ ತಲೆ ಕೆರೆದುಕೊಂಡೆ. ಇವತ್ತು ಬೆಳಗ್ಗೆ ವರ್ಣಿಕಾಳ ಈಮೇಲ್. ಹಾಕರ್ ಸೆಂಟರಿನಲ್ಲಿ ಕೂತು ಕಾಫಿಗೆ ಸಕ್ಕರೆ ಕಲಕುತ್ತಿದ್ದವನು ಮೊಬೈಲಿನಲ್ಲಿ ಓದಿದೆ. ಮೂರು ಸಲ ಓದಿದೆ. ಮನೆಗೆ ಹೇಗೆ ಬಂದೆ ಎಂದು ಗೊತ್ತಿಲ್ಲ. ಪ್ರಭಾ ಓದಿ, ಬೀರುವಿನ ಮೇಲಿನ ಹಲಗೆಯನ್ನು ತಾನೇ ಇಳಿಸಿದಳು. "ಮಾರ್ಚ್‌ನಲ್ಲಿ ಬಂದಿದ್ದು ಇದೊಂದೇ ಅಲ್ವಾ?" ಎಂದಳು.

ಗುಳ್ಳೆ ಇಲ್ಲದಂತೆ ಅಂಟಿಸಿದ್ದೆನಲ್ಲ. ಬಿಡಲಿಲ್ಲ. ಕೆಟಲ್ಲಿನ ಹಬೆ ಹಿಡಿದು, ಅಡುಗೆಮನೆಯ ಚಪ್ಪಟೆ ಚಾಕು ತೂರಿಸಿ ಬಿಡಿಸಲು ಒಂದು ಗಂಟೆ ಹಿಡಿಯಿತು. ಅರ್ಧ ಅಕ್ಷರ ಹಲಗೆಯ ಮೇಲೆ ಉಲ್ಟಾ ಕೂತಿದೆ, ಅರ್ಧ ಹಾಳೆಯ ಹಿಂದೆ ಉಳಿದಿದೆ. ಪೆನ್ಸಿಲ್ಲಿನದು. ಎರಡನ್ನೂ ಸೇರಿಸಿ ಪ್ರಭಾ ಓದಿದಳು, ಹಲಗೆಯ ಕಡೆಯದಕ್ಕೆ ಕನ್ನಡಿ ಹಿಡಿದುಕೊಂಡು.

"ಅಶ್ವತ್ಥ, ಈ ಕಡೆ ಬರೆಯಲಿಕ್ಕೆ ಕಾರಣ ಉಂಟು. ಆ ಕಡೆ ನೋಡಿ ನನ್ನ ಗುರಿಗೆ ನೀನು ನಗುತ್ತೀ. ಮೊದಲು ಚಂದ ಮಾಡಿ ನಕ್ಕು ಮುಗಿಸು, ಮತ್ತೆ ತಿರುಗಿಸು ಅಂತ." ಆಮೇಲೆ ರೋಗದ ಹೆಸರು. ಆಮೇಲೆ, "ಮದ್ದು ಶುರು ಮಾಡಿದ್ದಾರೆ. ನನಗೆ ಹೆದರಿಕೆ ಆಗುತ್ತದೆ. ಇದನ್ನು ಹೇಳಿದ್ದು ನಿನಗೆ ಮಾತ್ರ."

ನಾನು ತೂತಿನಿಂದ ತೂತಿಗೆ ಅಳೆದೆ, ಮಿಲಿಮೀಟರಿನ ಐವತ್ತರಲ್ಲೊಂದು ಭಾಗದವರೆಗೆ.

ನಮ್ಮ ಮೈಸೂರಿನ ಕಡೆ ಮೈಗೆ ಹುಷಾರಿಲ್ಲದಿದ್ದರೆ ಔಷಧಿ, ಮಾತ್ರೆ, ಇಂಜಕ್ಷನ್. ನಿಮ್ಮ ಕಡೆ ಎಲ್ಲವೂ ಮದ್ದು. ಇಪ್ಪತ್ತು ವರ್ಷ ಸೆಲೆಟಾರಿನಲ್ಲಿ ನನ್ನ ಜೊತೆ ನನ್ನ ಹಾಗೆಯೇ ಔಷಧಿ ಎಂದೆ ನೀನು. ಒಬ್ಬನೇ ಕೂತ ಮೇಲೆ ನಿನ್ನ ಊರಿನ ಮಾತು ನಿನ್ನ ಬಾಯಿಗೆ ವಾಪಸ್ ಬಂತು. ನಾನು ಅದನ್ನು ಕೇಳಿಸಿಕೊಳ್ಳಲಿಲ್ಲ. ನಿನ್ನ ಹೆಂಡತಿ ಮಲಗಿದ್ದಾಗ ನೀನು ಬಾಗಿಲಲ್ಲಿ ನಿಂತು "ಅನಸೂಯಾ, ಮದ್ದು ಕುಡಿದೆಯಾ" ಎಂದು ಕೇಳುತ್ತಿದ್ದದ್ದು ಇವತ್ತು ನೆನಪಾಗುತ್ತಿದೆ. ಬರೆಯುವಾಗ ನೆನಪಾಗಲಿಲ್ಲ.

ನಾನು ನಿಲ್ಲಿಸು ಎಂದದ್ದು ಕೋವಿಯ ಮದ್ದನ್ನು. ಹಿತ್ತಾಳೆ ಸೀಳಿ ನಿನ್ನ ಕಣ್ಣು ಹೋಗುತ್ತದೆ ಎಂದು ಹೆದರಿ ಕೂಗಿದೆ. ಇಷ್ಟೇ ರಘು. ಬೇರೇನೂ ನನಗೆ ಗೊತ್ತಿರಲಿಲ್ಲ.

ಇದನ್ನು ಹೇಳಲೋ ಬೇಡವೋ ಎಂದು ಊಟ ಬಿಟ್ಟು ಕೂತೆ. ಹೇಳಿದರೆ ನಿನಗೆ ಈ ಎರಡು ವಾರ ಸಿಕ್ಕ ನೆಮ್ಮದಿಯನ್ನು ನಾನೇ ಕಿತ್ತುಕೊಂಡ ಹಾಗೆ. ಗಂಜಿ ರುಚಿಯಾಯಿತು ಎಂದು ಬರೆದಿದ್ದೀಯ. ಹೇಳದಿದ್ದರೆ ಆಗಸ್ಟ್ ಹತ್ತು ದಾಟಿ ಹೋಗುತ್ತದೆ. ಪ್ರಭಾಗೆ ಹೇಳಿದೆ, "ಅವನು ಸಮಾಧಾನವಾಗಿದ್ದಾನೆ ಕಣೇ." ಅವಳು ನನ್ನನ್ನು ನೋಡಿದ ರೀತಿಗೆ ನಲವತ್ತು ವರ್ಷದಲ್ಲಿ ಮೊದಲ ಸಲ ನಾನು ತಲೆ ತಗ್ಗಿಸಿದೆ.

"ಹೋಗಿ ಹೇಳಿ," ಎಂದಳು. "ಸಾಯೋದೇ ಆದರೆ ಅವರ ತೀರ್ಮಾನದ ಮೇಲೆ ಸಾಯಲಿ. ನಿಮ್ಮ ತಪ್ಪಿನ ಮೇಲೆ ಬೇಡ."

ಆಮೇಲೆ ಟಿಕೆಟ್ ಬುಕ್ ಮಾಡಿದಳು. ವರ್ಣಿಕಾಗೆ ಫೋನ್ ಮಾಡಿದಳು. ನನಗೆ ಕೊಟ್ಟಳು. ಆ ಮಗು, "ಅಂಕಲ್, ನಿಜವಾಗಲೂ ಗೊತ್ತಿರಲಿಲ್ವಾ?" ಎಂದು ಕೇಳಿತು. ಗೊತ್ತಿರಲಿಲ್ಲ ಎಂದು, ಹಲಗೆಯ ಅಂಟಿನ ಕಥೆ ಹೇಳಿದೆ.

ನಿನ್ನ ಪ್ರಶ್ನೆಗೆ ಉತ್ತರ ಏನು ಎಂದು ಬೆಳಗ್ಗಿನಿಂದ ಹುಡುಕುತ್ತಿದ್ದೇನೆ. ಜೂನ್‌ನಲ್ಲಿ ನನಗೆ ಗೊತ್ತಿದ್ದರೆ ಬೇಡ, ನಿಲ್ಲಿಸಬೇಡ ಎಂದು ಇನ್ನೂ ಜೋರಾಗಿ ಕೂಗುತ್ತಿದ್ದೆ. ಅದು ನಿನ್ನ ಮೈಯ ಒದೆತ ನೋಡಿ ಹೇಳಿದ ಮಾತಾಗುತ್ತಿರಲಿಲ್ಲ. ನೀನಿಲ್ಲದೆ ನಾನು ಯಾರಿಗೆ ಬರೆಯಲಿ ಎನ್ನುವ ಹೆದರಿಕೆಯ ಮಾತಾಗುತ್ತಿತ್ತು. ಹಾಗಾಗಿ ಆ ಉತ್ತರವೂ ಸುಳ್ಳೇ. ನನ್ನ ಹತ್ತಿರ ಸರಿಯಾದದ್ದು ಒಂದೂ ಇಲ್ಲ. ನೀನು ನನ್ನನ್ನು ಬೈಯಬಹುದು, ಹೊರಗೆ ಹಾಕಬಹುದು, ನಾಲ್ಕು ಸಲ ಹಲ್ಲು ಕಚ್ಚುತ್ತೇನೆ ಅನ್ನಬಹುದು, ಇಲ್ಲ, ನಾನು ನಿಲ್ಲಿಸಿಯೇ ಬಿಟ್ಟಿದ್ದೆ, ನಿನ್ನ ಕಾಗದ ನೆಪ ಅನ್ನಬಹುದು. ಯಾವುದಾದರೂ ಆಗಲಿ, ನಿನ್ನ ಬಾಯಿಂದ ಬರಬೇಕು.

ನಾಳೆ ಬೆಳಗ್ಗೆ ಏಳರ ವಿಮಾನ ಹಿಡಿಯುತ್ತೇನೆ. ನಿನ್ನ ಎದುರು ಕೂತು ಇದನ್ನು ಕೈಗೆ ಕೊಡುತ್ತೇನೆ, ಓದಿ ಮುಗಿಸುವ ತನಕ ತುಟಿ ಬಿಚ್ಚುವುದಿಲ್ಲ. ಆಮೇಲೆ ಆ ಪ್ರಶ್ನೆಯನ್ನು ಇನ್ನೊಂದು ಸಲ ಕೇಳು ಎನ್ನುತ್ತೇನೆ.

ಅಶ್ವತ್ಥ